ಕ್ರೇನ್ ಹೊಟ್ಟೆ

ನನ್ನ ಭಾವ ಈಗ ಸ್ಟೋರಿನ ಕಿಟಕಿಯ ಹಿಂದೆ ಕೂತು ಬೋಲ್ಟು, ವಾಷರು, ಕೈಗವಸು ಹಂಚುತ್ತಾರೆ. ಹೊಸಬರಿಗೆ ಅವರು ಸ್ಟೋರಿನಣ್ಣ. ಹಳಬರು ಮಾತ್ರ ಇವತ್ತಿಗೂ ‘ಮೇಲಿನವರು’ ಅಂತಲೇ ಕರೆಯುವುದು. ಇಪ್ಪತ್ತೆರಡು ವರ್ಷ ಟವರ್ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತವರು ಅವರು. ಅದರಲ್ಲಿ ಹದಿನಾರು ವರ್ಷ ನಾನು ಕೆಳಗೆ ವಾಕಿಟಾಕಿ ಹಿಡಿದು ಅವರಿಗೆ ಸಿಗ್ನಲ್ ಕೊಟ್ಟವನು. ‘ಮೇಲಿನವರು ನೋಡ್ತಾ ಇದಾರೆ, ಹೆಲ್ಮೆಟ್ ಹಾಕ್ಕೊಳ್ರೋ’ ಅಂತ ಸೈಟಿನಲ್ಲಿ ತಮಾಷೆ ನಡೆಯುತ್ತಿತ್ತು. ಅಷ್ಟು ಎತ್ತರದಲ್ಲಿದ್ದವರು ಸ್ಟೋರಿಗೆ ಯಾಕೆ ಇಳಿದರು ಅಂತ ಯಾರಾದರೂ ಕೇಳಿದರೆ ಮಂಡಿನೋವು, ಕಣ್ಣು ಮಂಜು, ಬಾಯಿಗೆ ಬಂದದ್ದು ಹೇಳಿ ಸಾಗಹಾಕುತ್ತೇನೆ. ಸುಳ್ಳು ಹೇಳುವುದು ನಮ್ಮ ಮನೆಯವರಿಗೆ ಚೆನ್ನಾಗಿ ರೂಢಿಯಾಗಿದೆ. ಇವತ್ತು ನಿಜ ಬರೆಯುತ್ತೇನೆ.

ಕ್ರೇನ್ ಹತ್ತುವುದೆಂದರೆ ಕಬ್ಬಿಣದ ಏಣಿ, ಅದರ ಮೇಲೊಂದು ಏಣಿ, ನಡುನಡುವೆ ಕಾಲೂರಲು ಒಂದು ಜಾಲರಿ ಹಲಗೆ. ಹತ್ತಲು ಹದಿನೈದು ನಿಮಿಷ, ಇಳಿಯಲು ಹತ್ತು. ಒಮ್ಮೆ ಹತ್ತಿದರೆ ಮಧ್ಯಾಹ್ನದವರೆಗೆ ಇಳಿಯುವ ಹಾಗಿಲ್ಲ. ಕ್ರೇನ್ ನಿಂತರೆ ಕೆಳಗೆ ನಲವತ್ತು ಜನರ ಕೈ ನಿಲ್ಲುತ್ತದೆ, ಎಂಜಿನಿಯರನ ಬಾಯಿ ಶುರುವಾಗುತ್ತದೆ. ಮೇಲೆ ಕಕ್ಕಸು ಇಲ್ಲ. ಬಾಟಲಿ ಇರುತ್ತದೆ, ಅದು ಎಲ್ಲರಿಗೂ ಗೊತ್ತಿರುವ ಸಂಗತಿ. ನಮ್ಮ ಭಾವನ ಕ್ಯಾಬಿನ್ನಿನಲ್ಲಿ ಅದರ ಜೊತೆಗೆ ಮುಚ್ಚಳವಿರುವ ಒಂದು ಬಕೆಟ್ಟೂ ಇತ್ತು. ಅದು ನನ್ನೊಬ್ಬನಿಗೆ ಗೊತ್ತಿದ್ದ ಸಂಗತಿ. ಸಂಜೆ ಎಲ್ಲರೂ ಕೈತೊಳೆಯಲು ಹೋದ ಮೇಲೆ ಅದನ್ನು ಹಗ್ಗದಲ್ಲಿ ಇಳಿಸಿಕೊಳ್ಳುತ್ತಿದ್ದವನು ನಾನೇ. ಯಾರಾದರೂ ಕೇಳಿದರೆ ಗ್ರೀಸು ಅನ್ನುತ್ತಿದ್ದೆ.

ಬೆಳಿಗ್ಗೆ ಅವರು ಏನೂ ತಿನ್ನುತ್ತಿರಲಿಲ್ಲ. ಏಳಕ್ಕೆ ಕೆಲಸವೆಂದರೆ ಆರಕ್ಕೇ ಬಂದು, ಸೈಟಿನ ತಗಡಿನ ಕಕ್ಕಸಿಗೆ ಮೂರು ಸಲ, ನಾಲ್ಕು ಸಲ ಹೋಗಿಬರುತ್ತಿದ್ದರು. ಕೊನೆಯ ಸಲ ಬರುವಾಗ ಮುಖಕ್ಕೆ ಸುಣ್ಣ ಬಳಿದ ಹಾಗಿರುತ್ತಿತ್ತು.

“ಹೆಂಗಿದೆ ಭಾವ?”

“ಖಾಲಿ. ಇನ್ನು ಹತ್ತಬಹುದು.”

ಮಧ್ಯಾಹ್ನ ಒಂದು ಬಾಳೆಹಣ್ಣು, ಒಂದು ತುಂಡು ಬ್ರೆಡ್ಡು. ಊಟ ಅಂತ ಮಾಡುತ್ತಿದ್ದದ್ದು ಸಂಜೆ ಮನೆಗೆ ಹೋದ ಮೇಲೆಯೇ. ರಕ್ತ ಬೀಳುವ ದಿನಗಳೂ ಇದ್ದವು. ವಾರಗಟ್ಟಲೆ ಬಿದ್ದು ತಾನಾಗಿ ನಿಲ್ಲುತ್ತಿತ್ತು, ತಿಂಗಳುಗಟ್ಟಲೆ ಸುಮ್ಮನಿದ್ದು ಮತ್ತೆ ಬರುತ್ತಿತ್ತು. ಅವರ ಹೆಂಡತಿ ನನ್ನ ಸ್ವಂತ ಅಕ್ಕ. ಮನೆಯ ಬಟ್ಟೆ ಒಗೆಯುವವಳು ಅವಳೇ ಆದ್ದರಿಂದ ಅವಳಿಗೂ ಎಲ್ಲ ಗೊತ್ತಿತ್ತು.

ಇದಕ್ಕೆ ಮನೆಯಲ್ಲೊಂದು ಹೆಸರಿತ್ತು: ಕ್ರೇನ್ ಹೊಟ್ಟೆ. ಹೆಸರಿಟ್ಟವರು ಭಾವನ ಅಪ್ಪ. ಅವರೂ ಬಂದರಿನಲ್ಲಿ ಕ್ರೇನ್ ನಡೆಸಿದವರು. ದಿನವಿಡೀ ಕಕ್ಕಸು ತಡೆದುಕೊಂಡು ಕೂರಬೇಕು, ಗಾಳಿಗೆ ಕ್ಯಾಬಿನ್ ತೂಗುತ್ತದೆ, ಹೊತ್ತಿಗೆ ಸರಿಯಾಗಿ ತಿನ್ನುವಂತಿಲ್ಲ, ಕರುಳು ಕೆಡದೆ ಇನ್ನೇನಾಗುತ್ತದೆ, ಕ್ರೇನಿನವರಿಗೆಲ್ಲ ಇದು ಇದ್ದದ್ದೇ ಅಂತ ಅವರ ತೀರ್ಮಾನ. ನಲವತ್ತೇಳನೇ ವಯಸ್ಸಿನಲ್ಲಿ ಹೊಟ್ಟೆಯೊಳಗೆ ಏನೋ ಒಡೆದು ತೀರಿಕೊಂಡರು. ಭಾವನಿಗೆ ಇಪ್ಪತ್ತನಾಲ್ಕಕ್ಕೆ, ಕ್ರೇನ್ ಹತ್ತಿದ ಎರಡನೇ ವರ್ಷ, ಅದೇ ಶುರುವಾಯಿತು. ಅವರು ಹೆದರಲೂ ಇಲ್ಲ. ಬಡಗಿಯ ಕೈಗೆ ದಡ್ಡು ಬಂದ ಹಾಗೆ ತನಗೂ ಬಂತು, ಇನ್ನು ತಾನು ಪೂರ್ತಿ ಕ್ರೇನಿನವನಾದೆ ಅಂದುಕೊಂಡರಂತೆ. ಹಾಗೆಂದು ನನ್ನ ಹತ್ತಿರ ಹೇಳಿ ನಕ್ಕಿದ್ದರು. ನಾನೂ ನಕ್ಕಿದ್ದೆ. ಬೇರೆ ಕ್ರೇನಿನವರೂ ಗ್ಯಾಸು, ಮೂಲವ್ಯಾಧಿ ಅಂತ ಗೊಣಗುತ್ತಲೇ ಇದ್ದರು. ಯಾರೂ ತಮ್ಮ ತಮ್ಮ ಬಕೆಟ್ಟಿನ ಮುಚ್ಚಳ ತೆಗೆದು ಹೋಲಿಸಿ ನೋಡುವುದಿಲ್ಲವಲ್ಲ.

ವರ್ಷಕ್ಕೊಮ್ಮೆ ಕಂಪನಿಯವರು ಗೊತ್ತು ಮಾಡಿದ ಆಸ್ಪತ್ರೆಯಲ್ಲಿ ದೇಹ ಪರೀಕ್ಷೆ ಇರುತ್ತಿತ್ತು. ಕಣ್ಣು, ಕಿವಿ, ಬಿಪಿ, ರಕ್ತ, ಆಮೇಲೆ ಒಂದು ಫಾರಂ. ‘ಬಹುಕಾಲದ ಕಾಯಿಲೆ ಏನಾದರೂ ಇದೆಯೇ?’ ಭಾವ ತಿಂಗಳ ಮುಂಚಿನಿಂದಲೇ ಕಬ್ಬಿಣಾಂಶದ ಮಾತ್ರೆ ನುಂಗಿ ರಕ್ತ ಏರಿಸಿಕೊಂಡು ಹೋಗಿ, ಆ ಪ್ರಶ್ನೆಯ ಮುಂದೆ ‘ಇಲ್ಲ’ ಅಂತ ಬರೆದು ಸಹಿ ಹಾಕಿ ಬರುತ್ತಿದ್ದರು. ಇದೆ ಅಂತ ಬರೆದರೆ ಆಪರೇಟರ್ ಕಾರ್ಡು ಕಿತ್ತುಕೊಳ್ಳುತ್ತಾರೆ, ಕಾರ್ಡಿಲ್ಲದವನನ್ನು ಕ್ರೇನಿನ ಬುಡಕ್ಕೂ ಬಿಡುವುದಿಲ್ಲ. ನನಗೂ ಅದರಲ್ಲಿ ಸ್ವಾರ್ಥವಿತ್ತು. ಸಿಗ್ನಲಿನವನು ಆಪರೇಟರನ ಜೋಡಿ. ಅವರು ಇಳಿದರೆ ಹೊಸ ಆಪರೇಟರ್ ತನ್ನವನನ್ನು ಕರೆತರುತ್ತಾನೆ, ನಾನು ಮತ್ತೆ ಸರಳು ಕಟ್ಟಲು ಹೋಗಬೇಕು. ಹಾಗಾಗಿ ಆ ‘ಇಲ್ಲ’ದಲ್ಲಿ ನನ್ನ ಪಾಲೂ ಇತ್ತು. ಇಪ್ಪತ್ತು ವರ್ಷ ಬರೆದೂ ಬರೆದೂ ಅದು ಅವರ ನಾಲಿಗೆಯ ತುದಿಗೇ ಬಂದು ಕೂತಿತ್ತು.

ಭಾವನಿಗೆ ಒಬ್ಬಳೇ ಮಗಳು. ಮನೆಯಲ್ಲಿ ಅವಳನ್ನು ಚೂಟಿ ಅನ್ನುವುದು. ಹತ್ತೊಂಬತ್ತು ವರ್ಷ, ಈಜುಕೊಳದಲ್ಲಿ ಸಣ್ಣ ಮಕ್ಕಳಿಗೆ ಈಜು ಕಲಿಸುವ ತರಬೇತಿಯಲ್ಲಿದ್ದಳು. ಅಪ್ಪ ಮಗಳು ಇಬ್ಬರೂ ಒಂದೇ ಅಚ್ಚು. ಇಬ್ಬರಿಗೂ ನೋವು ಅಂತ ಬಾಯಿಬಿಟ್ಟು ಹೇಳುವುದೆಂದರೆ ಮರ್ಯಾದೆ ಹೋದ ಹಾಗೆ. ಅದಕ್ಕೇ ಅವಳ ವಿಷಯ ಮೊದಲು ಗೊತ್ತಾದದ್ದು ಅಕ್ಕನಿಗೆ, ಅದೂ ಪ್ಯಾಂಟಿನ ಸೊಂಟಕ್ಕೆ ಅವಳು ಎರಡನೇ ಸಲ ಪಿನ್ನು ಹಾಕಿಕೊಂಡದ್ದು ಕಂಡಾಗ. ಬಲಗಡೆ ಕಿಬ್ಬೊಟ್ಟೆಯಲ್ಲಿ ಹಿಂಡುವ ನೋವು, ಸಂಜೆಗೆ ಸಣ್ಣ ಜ್ವರ, ತಿಂದ ಅರ್ಧ ಗಂಟೆಗೆ ಕಕ್ಕಸಿಗೆ ಓಟ. ಅಕ್ಕಪಕ್ಕದ ಕ್ಲಿನಿಕ್ಕಿನವರು ಸೋಂಕು ಅಂತ ಮೂರು ಸಲ ಆಂಟಿಬಯಾಟಿಕ್ ಕೊಟ್ಟರು. ಒಂದೊಂದು ಸಲವೂ ನಾಲ್ಕು ದಿನ ಸುಮಾರಾಗಿದ್ದು ಮತ್ತೆ ಅದೇ ರಾಗ. ಕೊನೆಗೆ ದೊಡ್ಡ ಆಸ್ಪತ್ರೆಗೆ ಹೋದೆವು. ಸೌಲಭ್ಯ ಸಿಗುತ್ತದೆ ಅಂತ ಕಂಪನಿಯ ಆಸ್ಪತ್ರೆಗೇ ಹೋದೆವು.

ಹೊಟ್ಟೆಯ ಡಾಕ್ಟರು ಸಣಕಲು ಮನುಷ್ಯ. ತಲೆಯೆತ್ತದೆ ಕೇಳುತ್ತಾ ಕಂಪ್ಯೂಟರಿನಲ್ಲಿ ಬರೆಯುತ್ತಾ ಇದ್ದರು. ಜ್ವರ ಎಷ್ಟು ದಿನದಿಂದ? ತೂಕ ಎಷ್ಟು ಇಳಿದಿದೆ? ಯಾವುದಾದರೂ ಔಷಧಿ ಆಗಿಬರಲ್ಲವಾ?

“ಮನೇಲಿ ಯಾರಿಗಾದ್ರೂ ವರ್ಷಗಟ್ಟಲೆ ಹೊಟ್ಟೆ ಕಾಯಿಲೆ, ರಕ್ತ ಹೋಗೋದು, ಕರುಳಿನ ಆಪರೇಷನ್ನು, ಇಂಥದ್ದೇನಾದ್ರೂ...”

“ಇಲ್ಲ ಡಾಕ್ಟ್ರೇ,” ಅಂದರು ಭಾವ. ಪ್ರಶ್ನೆ ಇನ್ನೂ ಮುಗಿದಿರಲಿಲ್ಲ.

ನಾನು ಅವರ ಎಡಗಡೆ ಕೂತಿದ್ದೆ, ಅಕ್ಕ ಬಲಗಡೆ. ನಾನು ಗೋಡೆಯ ಮೇಲಿದ್ದ ಕರುಳಿನ ಚಿತ್ರ ನೋಡಿದೆ. ಅಕ್ಕ ತನ್ನ ಚೀಲದ ಜಿಪ್ಪು ಎಳೆದಳು. ಬೇಕೆಂದೇ ಮುಚ್ಚಿಟ್ಟೆವಾ ಅಂತ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಆ ಗಳಿಗೆಯಲ್ಲಿ ಇದೂ ಅದೂ ಒಂದೇ ಅಂತ ನಮಗೆ ಹೊಳೆಯಲೇ ಇಲ್ಲ, ಅದು ನಿಜ. ಭಾವನದು ಕ್ರೇನಿನಿಂದ ಬಂದದ್ದು, ಚೂಟಿ ಕ್ರೇನ್ ಹತ್ತಿದವಳಲ್ಲ. ಆದರೆ ಅದೇ ಕಂಪ್ಯೂಟರಿನಲ್ಲಿ ಭಾವನ ಇಪ್ಪತ್ತು ‘ಇಲ್ಲ’ಗಳೂ ಇದ್ದವು ಅನ್ನುವುದೂ ನಿಜ, ಅದು ನಮ್ಮ ಮೂವರಿಗೂ ನೆನಪಿತ್ತು.

ಕ್ಯಾಮೆರಾ ಹಾಕಿ ನೋಡಿದರು, ಚೂರು ಕಿತ್ತು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಡಾಕ್ಟರು ಹಣೆ ಉಜ್ಜಿಕೊಂಡರು.

“ಎರಡು ಕಾಯಿಲೆ ಒಂದೇ ಥರ ಕಾಣ್ತವೆ. ಒಂದು ಕರುಳಿನ ಟಿಬಿ. ಇನ್ನೊಂದು ಕರುಳಿನ ಉರಿಯೂತ, ಅದು ಸೋಂಕಲ್ಲ, ದೇಹ ತನ್ನ ಕರುಳನ್ನ ತಾನೇ ಸುಟ್ಕೊಳ್ಳೋದು. ಉರಿಯೂತದ ಔಷಧಿ ಕೊಟ್ಟು ಆಮೇಲೆ ಟಿಬಿ ಅಂತ ಆದ್ರೆ ಮೈಯೆಲ್ಲ ಹರಡಿಬಿಡುತ್ತೆ. ಮನೆತನದಲ್ಲೂ ಯಾರಿಗೂ ಇಲ್ಲ. ಮೊದಲು ಟಿಬಿಗೇ ಕೊಡೋಣ. ಎರಡು ತಿಂಗಳಾದ ಮೇಲೆ ನೋಡೋಣ.”

ಚೂಟಿ ಬೆಳಿಗ್ಗೆ ಒಂದು ಹಿಡಿ ಮಾತ್ರೆ ನುಂಗತೊಡಗಿದಳು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿ ಮೊದಲ ದಿನ ಕಿರುಚಿಕೊಂಡಳು. ವಾಂತಿ ಶುರುವಾಯಿತು. ಈಜುಕೊಳಕ್ಕೆ ಹೋಗುವುದನ್ನು ಬಿಟ್ಟಳು. ತೂಕ ನಲವತ್ತೊಂದು, ಮೂವತ್ತೊಂಬತ್ತು, ಮೂವತ್ತೇಳು. “ಮಾಮ, ಟಿಬಿ ಮಾತ್ರೆಗೆ ಇನ್ನೂ ಗೊತ್ತಾಗಿಲ್ಲ ಅನ್ಸುತ್ತೆ ನಾನು ಇಲ್ಲಿದೀನಿ ಅಂತ,” ಅಂದಳು ಒಂದು ದಿನ, ನಗಲು ನೋಡುತ್ತಾ. ನನಗೆ ನಗು ಬರಲಿಲ್ಲ. ಅವಳ ಕೈ ಹಿಡಿದರೆ ಪೆನ್ಸಿಲ್ಲುಗಳ ಕಟ್ಟು ಹಿಡಿದ ಹಾಗಾಗುತ್ತಿತ್ತು. ಎರಡು ತಿಂಗಳ ತಪಾಸಣೆಗೆ ಸೋಮವಾರ ದಿನ ಕೊಟ್ಟಿದ್ದರು.

ಅದಕ್ಕೆ ಮುಂಚಿನ ಬುಧವಾರ. ಹನ್ನೊಂದು ಗಂಟೆಯಿರಬಹುದು. ಕೊಕ್ಕೆಯಲ್ಲಿ ಎರಡು ಟನ್ ಕಾಂಕ್ರೀಟಿನ ತೊಟ್ಟಿ ಗಾಳಿಯಲ್ಲಿತ್ತು. ವಾಕಿಟಾಕಿಯಲ್ಲಿ ಭಾವನ ದನಿ ಬಂತು. ಆ ಚಾನೆಲ್ಲು ಫೋರ್‌ಮನ್‌ನಿಂದ ಹಿಡಿದು ಪಂಪಿನವನವರೆಗೆ ಎಲ್ಲರೂ ಕೇಳುವಂಥದ್ದು. ಮನೆಯ ಮಾತನ್ನು ನಾವು ಅದರಲ್ಲಿ ಎಂದೂ ಆಡಿದವರಲ್ಲ.

“ಇವತ್ತು ಬೆಳಿಗ್ಗೆ ಅವಳ ಕಾಲು ನೋಡಿದೆ ಕಣೋ. ಮೊಣಕಾಲ ಕೆಳಗೆ ಕೆಂಪು ಗಂಟು. ಮುಟ್ಟಿದ್ರೆ ಉರಿ ಅಂತಾಳೆ.”

“ಭಾವ, ಲೋಡ್ ಇದೆ. ನಿಧಾನಕ್ಕೆ ಬಲಕ್ಕೆ.”

“ನನಗೂ ಅಲ್ಲೇ ಏಳ್ತವೆ. ಹೊಟ್ಟೆ ಕೆಟ್ಟಾಗೆಲ್ಲ ಏಳ್ತವೆ. ಬಾಯಲ್ಲೂ ಹುಣ್ಣಾಗಿದೆ ಅವಳಿಗೆ, ನನ್ನ ಹಾಗೇನೇ. ಅವಳು ಸ್ಟೂಲೂ ಹತ್ತಿದವಳಲ್ಲ ಕಣೋ.”

“ಬಲಕ್ಕೆ ಭಾವ. ಇನ್ನೂ. ಸಾಕು, ನಿಲ್ಸಿ. ಇಳಿಸಿ.”

ತೊಟ್ಟಿಯನ್ನು ಸರಿಯಾದ ಜಾಗದಲ್ಲೇ ಇಳಿಸಿದರು. ಆಮೇಲೆ ಒಂದು ಸದ್ದು ಬಂತು. ಅವರು ಬಟನ್ ಒತ್ತಿ ಹಿಡಿದುಕೊಂಡೇ ಅಳುತ್ತಿದ್ದರು. ಕೆಳಗೆ ಅಷ್ಟು ಜನ ಕೇಳಿಸಿಕೊಂಡು ನಿಂತಿದ್ದರು.

ಮಧ್ಯಾಹ್ನ ಪೈಪಿನ ರಾಶಿಯ ಹಿಂದೆ ಕೂತೆವು. ಈಗಲೇ ಹೋಗಿ ಡಾಕ್ಟರಿಗೆ ಹೇಳುತ್ತೇನೆ ಅಂತ ಭಾವ ಹೆಲ್ಮೆಟ್ ತೆಗೆದಿಟ್ಟು ಎದ್ದರು. ಅವರ ತೋಳು ಹಿಡಿದು ಕೂರಿಸಿದವನು ನಾನು. ಇದನ್ನೂ ಬರೆಯಬೇಕು.

“ಭಾವ, ಶನಿವಾರ ನಿಮ್ಮ ದೇಹ ಪರೀಕ್ಷೆ ಇದೆ. ಅದೇ ಆಸ್ಪತ್ರೆ, ಅದೇ ಕಂಪ್ಯೂಟರ್. ಇವತ್ತು ಹೇಳಿದ್ರೆ ಶನಿವಾರ ಕಾರ್ಡ್ ಹೋಯ್ತು ಅಂತಲೇ ಲೆಕ್ಕ. ಸೋಮವಾರ ಹೆಂಗೂ ಅವಳನ್ನ ಕರ್ಕೊಂಡು ಹೋಗ್ತೀವಲ್ಲ. ಶನಿವಾರ ಒಂದು ಮುಗೀಲಿ. ಸೋಮವಾರ ಎಲ್ಲ ಹೇಳಿಬಿಡಿ.”

“ಅಲ್ಲಿತನಕ?”

“ಇಷ್ಟು ತಿಂಗಳೇ ಆಗಿದೆ. ನಾಲ್ಕು ದಿನದಲ್ಲಿ ಏನಾಗುತ್ತೆ?”

ಅವರು ಹೆಲ್ಮೆಟ್ಟನ್ನು ಮತ್ತೆ ತಲೆಗೆ ಹಾಕಿಕೊಂಡರು. ಸಂಜೆ ಅಕ್ಕನಿಗೂ ಹೇಳಿದೆವು. ಅವಳು ಒಲೆಯ ಕಡೆಯಿಂದ ತಿರುಗದೆ, “ಸೋಮವಾರ ತಪ್ಪಿಸಬೇಡಿ ಮಾತ್ರ,” ಅಂದಳು. ಒಳಗಿನ ಕೋಣೆಯಲ್ಲಿ ಚೂಟಿ ಬಿಸಿನೀರಿನ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದಳು. ಮೂರು ದೊಡ್ಡವರು ಅಡುಗೆಮನೆಯಲ್ಲಿ ದನಿ ತಗ್ಗಿಸಿ ನಾಲ್ಕು ದಿನವನ್ನು ಹಂಚಿಕೊಂಡೆವು. ನಮ್ಮ ಮೂವರ ಹೊಟ್ಟೆಗೂ ಅವತ್ತು ಅನ್ನವೇ ಬಿತ್ತು, ನಾಚಿಕೆ ಬೀಳಲಿಲ್ಲ.

ಶನಿವಾರ ಪರೀಕ್ಷೆ ಮುಗಿಯಿತು. ಭಾವ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಬಂದರು.

ಭಾನುವಾರ ಮಧ್ಯಾಹ್ನ ನಾನು ಅವರ ಮನೆಯಲ್ಲೇ ಇದ್ದೆ. ಚೂಟಿ ಹಜಾರದಲ್ಲಿ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದಳು, ಕೆಲಸ ಮಾಡಬೇಡ ಅಂದರೂ ಕೇಳುವವಳಲ್ಲ. ಒಂದು ಟವೆಲ್ಲನ್ನು ಕೊಡವಲು ಎದ್ದವಳು ‘ಅಮ್ಮಾ’ ಅಂತ ಅರ್ಧ ಕೂಗಿ ಹಾಗೇ ಮಡಚಿಕೊಂಡು ಬಿದ್ದಳು. ಓಡಿಹೋಗಿ ಎತ್ತಿದಾಗ ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಮುಟ್ಟಗೊಡಲಿಲ್ಲ. ತುಟಿ ಬೂದಿ ಬಣ್ಣವಾಗಿತ್ತು. ಟ್ಯಾಕ್ಸಿಯಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು, ಕಾಲು ಭಾವನ ತೊಡೆಯ ಮೇಲೆ. ಪ್ರತಿ ಗುಂಡಿಗೂ ಅವಳು ಕಿರುಚುತ್ತಿದ್ದಳು, ಪ್ರತಿ ಸಲವೂ ಭಾವ ಡ್ರೈವರನನ್ನು ಬೈಯುತ್ತಿದ್ದರು. ಆ ಬಡಪಾಯಿ ಏನು ಮಾಡಿದ್ದ? ಬೈಯಿಸಿಕೊಳ್ಳಬೇಕಾದವರು ಹಿಂದಿನ ಸೀಟಿನಲ್ಲಿದ್ದೆವು.

ನಾಲ್ಕು ಗಂಟೆ ಆಪರೇಷನ್ ನಡೆಯಿತು. ಹೊರಗೆ ಬಂದ ಸರ್ಜನ್ ಗಡಸು ದನಿಯ ಹೆಂಗಸು. ಟೋಪಿಯ ಗುರುತು ಹಣೆಯ ಮೇಲೆ ಹಾಗೇ ಇತ್ತು.

“ಕರುಳು ಒಂದು ಕಡೆ ಬಿಗಿದು ಬೆರಳು ಹೋಗದಷ್ಟು ಸಣ್ಣದಾಗಿತ್ತು. ಅದರ ಹಿಂದೆ ತೂತಾಗಿದೆ. ಹೊಟ್ಟೆಯೆಲ್ಲ ಕೀವು. ಕೆಟ್ಟ ಭಾಗ ತೆಗೆದಿದೀನಿ. ಉಳಿದಿದ್ದನ್ನ ಈಗ ಜೋಡಿಸೋಕಾಗಲ್ಲ, ಕರುಳಿನ ತುದಿ ಹೊಟ್ಟೆ ಮೇಲೆ ತಂದು ಚೀಲ ಹಾಕಿದೀನಿ. ನಂಜು ರಕ್ತಕ್ಕೆ ಹೋಗಿದೆ. ಉಳೀತಾಳೆ ಅಂತ ಈಗ ಹೇಳಲ್ಲ. ಮೂರು ದಿನ ಕಳೀಲಿ.” ಆಮೇಲೆ ಫೈಲು ತೆರೆದು, “ನೋಡೋಕೆ ಟಿಬಿ ಥರ ಇಲ್ಲ ನನಗೆ. ಮನೆಯವರಲ್ಲಿ ಯಾರಿಗೂ ಇಲ್ವಾ ಈ ಥರ?” ಅಂದರು.

ಭಾವ ಗೋಡೆಗೆ ಒರಗಿ ನಿಂತಿದ್ದರು. ಬಾಯಿ ತೆರೆದರು, ಆಮೇಲೆ ನಿಲ್ಲಿಸಲೇ ಇಲ್ಲ. ತನ್ನ ಹೊಟ್ಟೆ, ಇಪ್ಪತ್ತು ವರ್ಷ, ರಕ್ತ, ಬಕೆಟ್ಟು, ಕಾಲಿನ ಗಂಟು, ಅಪ್ಪನ ಸಾವು. ನಾವು ಯಾರೂ ಕೇಳಿರದ ಒಂದು ವಿಷಯವೂ ಬಂತು. ಅವರಿಗೊಬ್ಬ ಸೋದರತ್ತೆ ಇದ್ದರಂತೆ, ಅಪ್ಪನ ತಂಗಿ. ಮದುವೆಯಿಲ್ಲದೆ ಮನೆಯಲ್ಲೇ ಇದ್ದು ಮೂವತ್ತರೊಳಗೆ ಬಡಕಲಾಗಿ ಸತ್ತವರು. ನರದ ತೊಂದರೆ ಅಂತ ಎಲ್ಲರೂ ಹೇಳುತ್ತಿದ್ದರು. ಯಾವಾಗಲೂ ಹಿತ್ತಲ ಕಕ್ಕಸಿನಲ್ಲೇ ಇರುತ್ತಿದ್ದರು ಅನ್ನುವುದು ಭಾವನಿಗೆ ನೆನಪಿತ್ತು. ಆ ಅತ್ತೆಯೂ ಕ್ರೇನ್ ಹತ್ತಿದವರಲ್ಲ.

“ಇದು ಮೊದಲೇ ಫೈಲಿನಲ್ಲಿ ಯಾಕಿಲ್ಲ?” ಅಂದರು ಸರ್ಜನ್.

ಅವರು ಎರಡು ಕ್ಷಣ ಕಾದು, ಬರೆದುಕೊಂಡು ಹೋದರು. ಭಾವ ಅಲ್ಲೇ ನೆಲದ ಮೇಲೆ ಕೂತು, ಓಡಾಡುವ ನರ್ಸುಗಳ ಕಾಲಿಗೆ ಸಿಗುವ ಹಾಗೆ ಕೂತು, “ನನ್ನ ಕರುಳು ಕಿತ್ತು ಅವಳಿಗೆ ಹಾಕಿ” ಅನ್ನತೊಡಗಿದರು. ಅವರ ಕರುಳು ಯಾರಿಗೆ ಬೇಕು? ಅದೇ ಅಲ್ಲವೇ ತೊಂದರೆ. ಅಕ್ಕ ಅವರನ್ನು ಎಬ್ಬಿಸಲು ಹೋಗಲಿಲ್ಲ. ಅವಳು ಕಿಟಕಿಯ ಸರಳು ಹಿಡಿದು ನಿಂತು ಹೊರಗೆ ಕಾರು ನಿಲ್ಲಿಸುವ ಜಾಗವನ್ನೇ ನೋಡುತ್ತಿದ್ದಳು. ಆ ಮೂರು ದಿನ ನಾನು ಯಾರು ಯಾರನ್ನೋ ಬೇಡಿಕೊಂಡೆ. ಅವಳೊಬ್ಬಳು ಉಳಿದರೆ ಸಾಕು, ಕೆಲಸ ಹೋಗಲಿ, ಮನೆ ಹೋಗಲಿ, ನನ್ನ ಕೈಕಾಲು ಹೋಗಲಿ ಅಂತ. ಬುಧವಾರ ಬಿಟ್ಟುಕೊಡಲು ಒಪ್ಪದಿದ್ದ ಒಂದು ಕಾರ್ಡನ್ನು ಭಾನುವಾರ ಯಾರಾದರೂ ಕೇಳಿದ್ದರೆ ಓಡಿಹೋಗಿ ಕೊಡುತ್ತಿದ್ದೆವು. ಯಾರೂ ಕೇಳಲಿಲ್ಲ.

ನಾಲ್ಕನೆಯ ದಿನ ಜ್ವರ ಇಳಿಯಿತು. ಅದೇ ದಿನ ಸಣಕಲು ಡಾಕ್ಟರು ನಮ್ಮನ್ನು ಕರೆದು ಕೂರಿಸಿದರು. ತೆಗೆದ ಕರುಳಿನ ಪರೀಕ್ಷೆಯ ಫಲಿತಾಂಶ ಬಂದಿತ್ತು, ಉರಿಯೂತವೇ ಅಂತ. ಅವರು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನಾನೇ ಕೊಟ್ನಲ್ಲ ಡಾಕ್ಟ್ರೇ ಅವಳಿಗೆ,” ಅಂದರು ಭಾವ.

“ನೀವು ಕೊಟ್ಟಿದ್ದು ಒಂದು ಪಾಲು ಅಷ್ಟೇ. ವಂಶವಾಹಿ ಅಂತೀವಲ್ಲ, ಅದರಲ್ಲಿ ನೂರಾರು ಕಡೆ ಸಣ್ಣ ಸಣ್ಣ ವ್ಯತ್ಯಾಸ. ಒಂದೊಂದೂ ಸೇರಿ ಕಾಯಿಲೆಗೆ ಜಾಗ ಮಾಡಿಕೊಡುತ್ತೆ. ಅಷ್ಟಿದ್ರೂ ಬರದೇ ಇರಬಹುದು. ಅಚ್ಚು ಒಂದೇ ಆದ ಅವಳಿಗಳಲ್ಲೇ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದೆ ಇರುತ್ತೆ. ಉಳಿದಿದ್ದು ಕರುಳಿನ ಬ್ಯಾಕ್ಟೀರಿಯಾ.”

ಅವರು ಬಿಡಿಸಿ ಹೇಳಿದ್ದನ್ನು ನಾನು ನಮ್ಮ ಸೈಟಿನ ಭಾಷೆಯಲ್ಲೇ ತಿಳಿದುಕೊಂಡೆ. ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ಇರುತ್ತವಂತೆ, ಕೆಲಸಕ್ಕೆ ಬರುವ ಆಳುಗಳ ಹಾಗೆ. ಅನ್ನ ಅರೆಯಲು ಅವು ಬೇಕು, ಕರುಳಿನ ಗೋಡೆ ಗಟ್ಟಿಯಾಗಿರಲೂ ಅವು ಬೇಕು. ಗೇಟಿನಲ್ಲೊಬ್ಬ ಕಾವಲುಗಾರ, ಅದು ನಮ್ಮ ದೇಹದ ರಕ್ಷಣೆ. ಒಳ್ಳೆ ಕಾವಲುಗಾರನಿಗೆ ದಿನಾ ಬರುವವರ ಗುರುತಿರುತ್ತದೆ. ಈ ಮನೆತನದ ಕಾವಲುಗಾರನಿಗೆ ಹುಟ್ಟಿನಿಂದಲೇ ಗುರುತು ಹಿಡಿಯುವ ಶಕ್ತಿ ಕಡಿಮೆ, ಗೋಡೆಯೂ ಸ್ವಲ್ಪ ಬಿರುಕು. ಒಳ್ಳೆ ಆಳುಗಳು ಕಡಿಮೆಯಾಗಿ ಪುಂಡರು ಹೆಚ್ಚಾದ ದಿನ ಅವನು ಗಾಬರಿಯಾಗಿ ಕಂಡಕಂಡವರಿಗೆಲ್ಲ ಬಡಿಯಲು ಶುರುಮಾಡುತ್ತಾನೆ. ನಿಲ್ಲಿಸುವುದು ಅವನಿಗೆ ಗೊತ್ತಿಲ್ಲ. ಗೋಡೆಯೇ ಉರುಳುತ್ತದೆ. ಕ್ಲಿನಿಕ್ಕಿನಲ್ಲಿ ಕೊಟ್ಟ ಆಂಟಿಬಯಾಟಿಕ್ಕಿನಿಂದ ಹಾಗಾಯಿತಾ ಅಂತ ಅಕ್ಕ ಕೇಳಿದಳು. ಒಳ್ಳೆಯವೂ ಸತ್ತಿರಬಹುದು, ಅದೇ ಕಾರಣ ಅಂತ ಹೇಳಲು ಆಗುವುದಿಲ್ಲ, ಆಹಾರ, ಹೊಗೆ, ಇನ್ನೂ ಗೊತ್ತಿಲ್ಲದ್ದು ಬಹಳ ಇದೆ ಅಂದರು ಡಾಕ್ಟರು. ಕ್ರೇನಿನಿಂದ ಬರುತ್ತದಾ ಅಂತ ನಾನು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿ ಇಲ್ಲ ಅಂದರು.

“ಮೊದಲೇ ಗೊತ್ತಿದ್ದಿದ್ರೆ?” ಭಾವ ಮೇಜಿನ ಅಂಚು ಹಿಡಿದುಕೊಂಡು ಕೇಳಿದರು.

“ಟಿಬಿ ಮಾತ್ರೆ ಕೊಡೋಕೆ ಮುಂಚೆ ಇನ್ನೊಂದು ಸಲ ಯೋಚಿಸ್ತಿದ್ದೆ. ಕಳೆದ ವಾರ ಗೊತ್ತಾಗಿದ್ರೂ ಆ ದಿನವೇ ಸ್ಕ್ಯಾನ್ ಮಾಡಿಸ್ತಿದ್ದೆ. ಕರುಳು ಬಿಗಿದಿದ್ದು ಕಾಣ್ತಿತ್ತು.” ಡಾಕ್ಟರು ಕನ್ನಡಕ ತೆಗೆದು ಒರೆಸಿದರು. “ಆಗಿದ್ದು ಆಯ್ತು. ನಿಮ್ಮನ್ನೂ ಪರೀಕ್ಷೆ ಮಾಡಬೇಕು ಈಗ.”

ಭಾವ ಅವತ್ತೇ ಕಂಪನಿಗೆ ಹೋಗಿ ಕಾರ್ಡನ್ನು ಮೇಜಿನ ಮೇಲಿಟ್ಟು ಬಂದರು. ಯಾರಿಗೂ ಅದರಿಂದ ಏನೂ ಉಪಯೋಗವಾಗಲಿಲ್ಲ.

ಐದನೆಯ ದಿನ ಚೂಟಿಯನ್ನು ವಾರ್ಡಿಗೆ ತಂದರು. ನಾವು ಮೂವರೂ ಹೋದೆವು. ಕಿಟಕಿ ಪಕ್ಕದ ಮಂಚ. ಹೊದಿಕೆಯಡಿ ಅವಳಿದ್ದಾಳೋ ಇಲ್ಲವೋ ಅನ್ನುವ ಹಾಗಿತ್ತು. ನರ್ಸು ಒಂದು ತಟ್ಟೆಯಲ್ಲಿ ಹೊಸ ಚೀಲ, ಕತ್ತರಿ, ಹತ್ತಿ ಇಟ್ಟುಕೊಂಡು ಬಂದರು. ಚೀಲ ಬದಲಿಸುವುದನ್ನು ಮನೆಯವರಲ್ಲಿ ಯಾರಾದರೂ ಕಲಿಯಬೇಕು, ಹೇಳಿಕೊಡುತ್ತೇನೆ ಅಂದರು. ಅಕ್ಕ ಮುಂದೆ ಬಂದಳು.

ಚೂಟಿ ಕೈಯೆತ್ತಿ ಅವಳನ್ನು ತಡೆದಳು. ಭಾವನನ್ನು ನೋಡಿದಳು.

“ಅಪ್ಪ, ಬೆಳಿಗ್ಗೆ ಡಾಕ್ಟ್ರು ಬಂದಿದ್ರು. ನಿಂಗೂ ಇದೇ ಇದೆಯಂತೆ.”

“ಹೂಂ ಮಗಾ.”

“ಎಷ್ಟು ವರ್ಷದಿಂದ?”

“ನೀನು ಹುಟ್ಟೋ ಮುಂಚಿನಿಂದ.”

“ಅಮ್ಮಂಗೆ ಗೊತ್ತಿತ್ತಾ?”

ಅಕ್ಕ ತಲೆ ತಗ್ಗಿಸಿದಳು.

“ಮಾಮಂಗೆ?”

“ಗೊತ್ತಿತ್ತು,” ಅಂದೆ ನಾನು. ಆ ಮನೆಯಲ್ಲಿ ಗೊತ್ತಿಲ್ಲದೆ ಇದ್ದದ್ದು ಅವಳೊಬ್ಬಳಿಗೇ.

“ನಂಗೂ ಅದೇ ಆಗಿರೋದು ಅಂತ ಯಾವಾಗ ಗೊತ್ತಾಯ್ತು?”

ಭಾವ ಹೇಳಿದರು: “ಬುಧವಾರ. ನಿನ್ನ ಕಾಲು ನೋಡಿದ್ನಲ್ಲ, ಅವತ್ತು.”

ಅವಳು ಬೆರಳು ಮಡಿಸಿದಳು. ಸೂಜಿ ಚುಚ್ಚಿ ಪಟ್ಟಿ ಸುತ್ತಿದ್ದ ಕೈ, ಬೆರಳು ಸರಿಯಾಗಿ ಮಡಚುತ್ತಿರಲಿಲ್ಲ. ಬುಧ, ಗುರು, ಶುಕ್ರ, ಶನಿ ಅಂತ ತುಟಿಯಲ್ಲೇ ಎಣಿಸಿದಳು.

“ನಾಲ್ಕು ದಿನ ಏನ್ಮಾಡ್ತಿದ್ರಿ?”

ಉತ್ತರ ಕೊಡಬೇಕಾದವನು ನಾನು. ಭಾವನೇ ಹೇಳಿದರು. ನನ್ನ ಹೆಸರೆತ್ತಲಿಲ್ಲ, ಕೊನೆಯವರೆಗೂ ಎತ್ತಲಿಲ್ಲ.

“ಶನಿವಾರ ನಂಗೆ ದೇಹ ಪರೀಕ್ಷೆ ಇತ್ತು. ಅದು ಮುಗೀಲಿ ಅಂತ.”

ಅವಳು ಅವರನ್ನೇ ನೋಡಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವವಳ ಹಾಗೆ ಕೇಳಿದಳು.

“ಪಾಸಾದ್ಯಾ?”

“ಆದೆ,” ಅಂದರು ಭಾವ.

ಅವಳು ನರ್ಸಿನ ಕಡೆ ತಿರುಗಿ, ಹೊದಿಕೆಯನ್ನು ತಾನೇ ಸರಿಸಿಕೊಂಡಳು.

“ಸಿಸ್ಟರ್, ನಂಗೇ ತೋರಿಸಿ. ನಾನೇ ಕಲಿತ್ಕೋತೀನಿ. ಇವರನ್ನ ಆಚೆ ಕಳಿಸಿ.”

ನರ್ಸು ಪರದೆ ಎಳೆದರು. ನಾವು ಮೂವರೂ ಆಚೆ ಬಂದೆವು.